ಕಹಿಕೊಳದ ಕಿವಿಮಟ್ಟ

ನಮ್ಮೂರಿನ ಕಹಿಕೊಳದಲ್ಲಿ ಹೆಂಗಸರ ಕಿವಿ ನೋಡುವ ಕೆಲಸ ನನ್ನದು. ಇಪ್ಪತ್ತೆರಡು ವರ್ಷದಿಂದ ಮಾಡುತ್ತಿದ್ದೇನೆ. ಅದಕ್ಕೂ ಮೊದಲು ಮನೆಮನೆಗೆ ಹೋಗಿ ಉಪ್ಪಿನಕಾಯಿ ಹಾಕಿಕೊಡುತ್ತಿದ್ದೆ. ಎರಡೂ ಉಪ್ಪುನೀರಿನ ಕೆಲಸವೇ. ಮಾವಿನಮಿಡಿ ಸುಳ್ಳು ಹೇಳುವುದಿಲ್ಲ, ಅಷ್ಟೇ ವ್ಯತ್ಯಾಸ. ಹೆಂಗಸರಿಗೆ ಮಂಗಳವಾರ. ಗಂಡಸರಿಗೆ ಗುರುವಾರ, ಅವರ ಕಿವಿ ನೋಡಲು ಬೇರೊಬ್ಬನಿದ್ದಾನೆ. ಅವನು ಹೇಗೆ ನೋಡುತ್ತಾನೋ, ನನಗೆ ಅನುಮಾನ.

ಕೊಳದಲ್ಲಿ ಯಾರೂ ಮುಳುಗಿ ಸತ್ತದ್ದಿಲ್ಲ. ಅಂಗಾತ ಮಲಗಿದರೆ ನೀರು ಹಗ್ಗ ಹೆಣೆದ ಹೊರಸಿನ ಹಾಗೆ ಎತ್ತಿ ಹಿಡಿಯುತ್ತದೆ. ಮೈ ಗಟ್ಟಿಯಿದ್ದವರ ಕಿವಿ ನೀರಿನ ಮೇಲಿರುತ್ತದೆ, ಮೈಯಲ್ಲಿ ಕೊರತೆಯಿದ್ದವರ ಕಿವಿ ಒಳಗೆ ಹೋಗುತ್ತದೆ. ಕೊರತೆಯಾದವರಿಗೆ ಮೀನಖಂಡ ಹಿಡಿಯುತ್ತದೆ, ರೆಪ್ಪೆ ಅದುರುತ್ತದೆ, ನಿದ್ದೆ ಹತ್ತುವುದಿಲ್ಲ, ಕೈ ನಡುಗುತ್ತದೆ. ಆಗ ಓಣಿಯವರು ಆ ವಾರವಿಡೀ ಬುತ್ತಿ ಕಳಿಸಬೇಕು. ಸೊಪ್ಪಿನ ಪಲ್ಯ, ಹುರುಳಿ ಕಟ್ಟಿನ ಸಾರು, ಎಳ್ಳಿನ ಚಟ್ನಿ, ಹುರಿದ ಕುಂಬಳಬೀಜ. ಅದೇ ಸೊಪ್ಪನ್ನು ಅದೇ ಒಗ್ಗರಣೆ ಹಾಕಿ ಅವರೇ ಮಾಡಿಕೊಂಡು ತಿನ್ನಬಾರದೇ ಎಂದು ಹೊರಗಿನವರು ಕೇಳುತ್ತಾರೆ. ತಿನ್ನಬಹುದು. ನಮ್ಮೂರಿನಲ್ಲಿ ಸ್ವಂತ ಒಲೆಯ ಮೇಲೆ ಬೆಂದದ್ದು ಹೊಟ್ಟೆ ತುಂಬಿಸುತ್ತದೆ, ಕೊರತೆ ತುಂಬಿಸುವುದಿಲ್ಲ. ಇನ್ನೊಬ್ಬರ ಒಲೆಯದೇ ಆಗಬೇಕು.

ಹೀಗಿರುವಾಗ ಕಳ್ಳತನ ಇಲ್ಲದೆ ಇರುತ್ತದೆಯೇ? ಅಡುಗೆ ಮಾಡಲು ಬೇಜಾರಾದವರು, ಸೊಸೆಯ ಕೈರುಚಿ ಸೇರದವರು, ಪಕ್ಕದ ಮನೆಯ ಎಳ್ಳಿನ ಚಟ್ನಿಗೆ ಬಾಯಲ್ಲಿ ನೀರೂರಿದವರು ಬೇಕೆಂದೇ ಕಿವಿ ಮುಳುಗಿಸುತ್ತಾರೆ. ಉಸಿರೆಲ್ಲ ಹೊರಗೆ ಬಿಟ್ಟು ಮಲಗುವವರಿದ್ದಾರೆ. ಅವರನ್ನು ನಾನು ಹೆಸರು ಹೇಳು ಎಂದು ಕೈಸನ್ನೆ ಮಾಡಿ ಮಾತಾಡಿಸುತ್ತೇನೆ. ಉಸಿರಿಲ್ಲದೆ ಉತ್ತರ ಕೊಡಲಾಗದು, ಉಸಿರು ಎಳೆದುಕೊಂಡರೆ ಕಿವಿ ಮೇಲೆ ಬರುತ್ತದೆ. ಸೆರಗಿನಲ್ಲಿ ಕಲ್ಲು ಕಟ್ಟಿಕೊಳ್ಳುವವರೂ ಇದ್ದಾರೆ. ಕೊರತೆಯಿಲ್ಲದವರ ಹೊಟ್ಟೆಗೆ ಬುತ್ತಿ ಹೋದರೆ ಕೊಟ್ಟವಳ ಕಿವಿ ಮುಂದಿನ ಮಂಗಳವಾರ ಮುಳುಗುತ್ತದೆ. ಹಾಗಾಗಿ ಕಳ್ಳಮುಳುಗು ನಮ್ಮಲ್ಲಿ ಸಣ್ಣ ತಪ್ಪಲ್ಲ. ಸಿಕ್ಕ ಕಲ್ಲನ್ನು ಅವರ ಮನೆಯ ಬಾಗಿಲ ಚೌಕಟ್ಟಿಗೆ ಹುರಿಯಿಂದ ಕಟ್ಟಿ ತೂಗುಹಾಕುತ್ತೇವೆ. ಸಿಕ್ಕಿಬಿದ್ದವರಿಗೆ ಸಾಯುವ ತನಕ ಯಾರೂ ಬುತ್ತಿ ಕೊಡುವುದಿಲ್ಲ. ಒಂದೇ ಬಾಗಿಲಿಗೆ ಎರಡು ಕಲ್ಲು ಬಿದ್ದರೆ ಆ ಮನೆಯವರು ಊರು ಬಿಡಬೇಕು. ನನ್ನ ಕಾಲದಲ್ಲಿ ಎರಡು ಕಲ್ಲು ಬಿದ್ದ ಬಾಗಿಲು ಇರಲಿಲ್ಲ.

ಹಿಂದೊಮ್ಮೆ ಹೊರಗಿನಿಂದ ಒಬ್ಬ ನರ್ಸಮ್ಮ ಬಂದಿದ್ದಳು. ಕೊಳದ ಉಪ್ಪು ಅಂಗಡಿಯಲ್ಲಿ ಸಿಗುವ ಎಪ್ಸಮ್ ಉಪ್ಪೇ, ಅದರಲ್ಲಿ ಮೆಗ್ನೀಸಿಯಂ ಇದೆ, ನಿಮಗೆ ಕಡಿಮೆಯಾಗುವುದೂ ಅದೇ, ಅರ್ಧ ಗಂಟೆ ತೇಲಿದರೆ ಚರ್ಮದಿಂದ ಒಳಗಿಳಿಯುತ್ತದೆ ಎಂದಳು. ನಾನು ನಂಬಲಿಲ್ಲ. ಬೆರಳುದ್ದದ ಮಿಡಿಗೆ ಉಪ್ಪು ಇಳಿಯಲು ತಿಂಗಳು ಬೇಕು, ಇಷ್ಟು ದೊಡ್ಡ ಮೈಗೆ ಅರ್ಧ ಗಂಟೆ ಸಾಕೇ? ಅವಳ ಮಾತು ಕೇಳಿ ಇಬ್ಬರು ಕೊಳದ ನೀರನ್ನೇ ಚೊಂಬುಗಟ್ಟಲೆ ಕುಡಿದು ಎರಡು ದಿನ ಬಯಲಿಗೆ ಓಡಾಡಿದರು. ಮೆಗ್ನೀಸಿಯಂ ಎಂಬ ಹೆಸರು ಮಾತ್ರ ಊರಿನಲ್ಲಿ ಉಳಿಯಿತು.

ಶ್ರಾವಣದ ಒಂದು ಬೆಳಿಗ್ಗೆ ಬಳೆಗಾರ ಓಣಿಯ ಫಕೀರವ್ವ ನನ್ನ ಕಟ್ಟೆಗೆ ಬಂದು ಕುಳಿತಳು. ಹತ್ತೂ ಬೆರಳು ಚಾಚಿ ತೋರಿಸಿದಳು.

"ನೋಡ ಕೊಳದವ್ವ, ನುಗ್ಗಿ ಸೊಪ್ಪು ಸೋಸಿ ಸೋಸಿ ಉಗುರು ಹಸರಾಗ್ಯಾವ. ಒಂಬತ್ತು ವಾರ ಆತು. ದುಂಡವ್ವನ ಸೊಸಿ ಕಸ್ತೂರಿದು ವಾರಾ ವಾರಾ ಕಿವಿ ಮುಳುಗತೈತಿ, ವಾರಾ ವಾರಾ ನಾವು ಬುತ್ತಿ ಹೊರತೀವಿ. ಆ ಹುಡುಗಿ ಕೊಬ್ಬರಿ ಗಿಟಕಿನಂಗ ಗುಂಡಗ ಅದಾಳ. ಎಲ್ಲಿಂದ ಬಂತವ್ವ ಆಕಿಗೆ ಕೊರತಿ?"

"ಹೊಸಾ ಊರು, ಹೊಸಾ ನೀರು. ಮದಿವ್ಯಾಗಿ ಬಂದು ಮೂರು ತಿಂಗಳಾಗಿಲ್ಲ" ಎಂದೆ.

"ಹೊಸಾ ನೀರು ಅಲ್ಲ, ಹಳೇ ಅತ್ತಿ! ಆ ಮನಿ ಬಾಗಲದಾಗ ಏನು ತೂಗತೈತಿ ಅಂತ ನಿನಗ ಗೊತ್ತಿಲ್ಲೇನು? ಕಟ್ಟಿದಾಕಿನ ನೀನು."

ಗೊತ್ತಿತ್ತು. ಆರು ವರ್ಷದ ಹಿಂದೆ ಯುಗಾದಿ ಕಳೆದ ಮೇಲೆ ದುಂಡವ್ವನ ಸೆರಗಿನ ತುದಿಯಲ್ಲಿ ಕಟ್ಟಿದ್ದ ಗುಂಡುಕಲ್ಲನ್ನು ಅವಳ ಕತ್ತಿನ ಕೆಳಗಿನಿಂದ ಎಳೆದು ತೆಗೆದವಳು ನಾನೇ. ಅವಳು ಅಳಲಿಲ್ಲ, ಕೈಮುಗಿಯಲಿಲ್ಲ. "ನನ್ನ ಕಾಲು ನೋಡವ್ವ, ಕಲ್ಲು ನೋಡಬ್ಯಾಡ" ಎಂದಳು. ಕಳ್ಳರು ಏನೇನೋ ಹೇಳುತ್ತಾರೆ. ನಾನು ಕಲ್ಲನ್ನೇ ನೋಡಿದೆ. ಅವತ್ತಿನಿಂದ ಅವಳು ಕೊಳಕ್ಕೆ ಬಂದಿಲ್ಲ. ದಾರಿಯಲ್ಲಿ ಸಿಕ್ಕರೆ ನಾನು ಆ ಕಡೆ, ಅವಳು ಈ ಕಡೆ.

"ಬರೋ ಮಂಗಳವಾರ ಎಲ್ಲಾರ ಮುಂದ ಆಕಿನ್ನ ಮೈ ಜಡ್ತಿ ಮಾಡಿ ಹುಡುಕಬೇಕು ನೀ. ಇಲ್ಲಾಂದ್ರ ನಾವು ಬುತ್ತಿ ನಿಲ್ಲಸ್ತೀವಿ" ಎಂದು ಹೇಳಿ ಫಕೀರವ್ವ ಎದ್ದುಹೋದಳು.

ಮಂಗಳವಾರಕ್ಕೆ ಇನ್ನೂ ನಾಲ್ಕು ದಿನವಿತ್ತು. ನಾನು ಸುಮ್ಮನೆ ಕೂರುವವಳಲ್ಲ. ಬಳೆ ತೊಡಬೇಕು ಬಾ ಎಂದು ಕಸ್ತೂರಿಗೆ ಹೇಳಿಕಳಿಸಿದೆ. ಬಳೆ ತೊಡಿಸುವುದು ಆ ಮನೆಯ ಕಸುಬು. ಕೊರತೆಯಿದ್ದವರು ಆ ವಾರ ಬಳೆ ತೊಡಿಸುವಂತಿಲ್ಲ, ಕೈ ನಡುಗಿ ಗಾಜು ಮಣಿಕಟ್ಟಿಗೆ ಚುಚ್ಚುತ್ತದೆ. ಅವಳು ಬಂದು ಬಾಗಿಲಲ್ಲೇ ನಿಂತು, "ನಾ ತೊಡಸಬಾರದಲ್ರಿ ಅತ್ತಿ, ನಿಮಗ ಗೊತ್ತೈತಲ್ಲ" ಎಂದಳು.

"ನಾ ಯಾರಿಗೂ ಹೇಳೂದಿಲ್ಲ. ನನ್ನ ಕೈ, ನನ್ನ ರಕ್ತ. ಕುಂದ್ರು."

ಕುಳಿತಳು. ದುಂಡು ಮುಖ, ದೊಡ್ಡ ತುರುಬು, ಕೆಳಗೆ ನೋಡುವ ಕಣ್ಣು. ಮೊದಲ ಎರಡು ಬಳೆ ತೊಡಿಸುವಾಗ ಅವಳ ಕೈ ಚೆನ್ನಾಗಿ ನಡುಗಿತು. ಬಹಳ ಚೆನ್ನಾಗಿ, ಹೊಲಿಗೆ ಮಷೀನಿನ ಸೂಜಿಯ ಹಾಗೆ ಒಂದೇ ಸಮ. ನಿಜವಾದ ನಡುಕ ಹಾಗಿರುವುದಿಲ್ಲ. ಅದು ನಿಲ್ಲುತ್ತದೆ, ಮರೆಯುತ್ತದೆ, ಇದ್ದಕ್ಕಿದ್ದಂತೆ ಎಗರುತ್ತದೆ. ಮೂರನೆಯ ಬಳೆ ನನ್ನ ಹೆಬ್ಬೆರಳಿನ ಬುಡದ ಮೂಳೆಗೆ ಸಿಕ್ಕಿಕೊಂಡಿತು. ನನ್ನದು ಒರಟು ಕೈ. ಕಸ್ತೂರಿ ತುಟಿ ಕಚ್ಚಿ, ನನ್ನ ಬೆರಳುಗಳನ್ನು ಒಂದಕ್ಕೊಂದು ಮಡಿಸಿ ಹಿಡಿದು, ಕೂದಲೆಳೆಯಷ್ಟು ಕೂದಲೆಳೆಯಷ್ಟಾಗಿ ಬಳೆಯನ್ನು ಮೂಳೆಯ ಮೇಲೆ ದಾಟಿಸಿದಳು. ಅಷ್ಟು ಹೊತ್ತೂ ಅವಳ ಕೈ ನಡುಗುವುದನ್ನು ಮರೆತಿತ್ತು.

ಸಿಕ್ಕಳು ಎಂದುಕೊಂಡೆ. ಮುಖದಲ್ಲಿ ತೋರಿಸಲಿಲ್ಲ. ಆದರೆ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಅತ್ತಿ, ನಿಮ್ಮ ಎಡಗಣ್ಣು ಹಾರಾಕತ್ತೈತಿ."

"ಎಡಗಣ್ಣು ಹಾರಿದ್ರ ಹೆಣ್ಣಮಕ್ಕಳಿಗೆ ಒಳ್ಳೇದವಾ."

"ನಾ ಈ ಊರಿಗೆ ಬಂದಾಗಿಂದ ನೋಡಾಕತ್ತೀನಿ. ಒಳ್ಳೇದು ಇನ್ನೂ ಬಂದಿಲ್ಲೇನ್ರಿ?"

ಬಾಯಿ ಇದ್ದ ಹುಡುಗಿ. ಅವಳು ಹೋದ ಮೇಲೆ ಕಣ್ಣಿಗೆ ತಣ್ಣೀರು ಹಾಕಿಕೊಂಡೆ. ನಿಲ್ಲಲಿಲ್ಲ.

ಕೊರತೆ ಇಲ್ಲವೆಂದು ಗೊತ್ತಾಯಿತು. ಹಾಗಾದರೆ ಮುಳುಗುವುದು ಹೇಗೆ? ಒಂಬತ್ತು ವಾರವೂ ನೀರಿನಲ್ಲಿ ಅವಳನ್ನು ಮಾತಾಡಿಸಿದ್ದೆ, ತುಂಬಿದ ಉಸಿರಿನಲ್ಲೇ ಉತ್ತರ ಕೊಟ್ಟಿದ್ದಳು. ಸೆರಗು ಕೊಡವಿಸಿದ್ದೆ, ಸೊಂಟ ತಡಕಿದ್ದೆ, ಬಾಯಿ ತೆರೆಸಿದ್ದೆ. ಬುತ್ತಿಯನ್ನು ಯಾರು ತಿನ್ನುತ್ತಾರೆ ಎಂಬುದು ಇನ್ನೊಂದು ಪ್ರಶ್ನೆ. ಭಾನುವಾರ ನಾನೂ ಒಂದು ಡಬ್ಬಿ ಹುರುಳಿ ಸಾರು ಹಿಡಿದು ಬಳೆಗಾರ ಓಣಿಗೆ ಹೋದೆ. ಚೌಕಟ್ಟಿನಿಂದ ಕಲ್ಲು ತೂಗುತ್ತಿತ್ತು. ಅಂಥ ಬಾಗಿಲನ್ನು ಯಾರೂ ತಲೆಯೆತ್ತಿ ನೋಡುವುದಿಲ್ಲ, ಅದು ಅಪಶಕುನ. ಕಟ್ಟಿದವಳು ನಾನೇ ಆದ್ದರಿಂದ ನೋಡಿದೆ. ಆರು ವರ್ಷ ಗಾಳಿ ಮಳೆಗೆ ತೂಗಿದ ಕಲ್ಲಿನ ಮೇಲೆ ಧೂಳಿರಬೇಕಿತ್ತು, ಜೇಡರ ಬಲೆ ಇರಬೇಕಿತ್ತು. ಅದು ಎಣ್ಣೆ ಸವರಿದ ಹಾಗೆ ಮಿರುಗುತ್ತಿತ್ತು. ಹುರಿಯೂ ಹೊಸದು. ಡಬ್ಬಿ ಇಸಿದುಕೊಂಡ ಕಸ್ತೂರಿ ಬಾಗಿಲಿಗೆ ಅಡ್ಡವಾಗಿ ನಿಂತೇ ಮಾತಾಡಿಸಿ ಕಳಿಸಿದಳು. ಒಳಗೆ ಯಾರೋ ಕಾಲನ್ನು ನೆಲಕ್ಕೆ ಗುದ್ದಿಕೊಳ್ಳುವ ಸದ್ದು ಕೇಳಿಸಿತು. ಮೀನಖಂಡ ಹಿಡಿದವರು ಹಾಗೆ ಮಾಡುತ್ತಾರೆ.

ಮಂಗಳವಾರ ಬೆಳಿಗ್ಗೆ ಕೊಳಕ್ಕೆ ಹೋಗುವಾಗ ಬೇಕೆಂದೇ ಅದೇ ಓಣಿಯಲ್ಲಿ ಹಾದುಹೋದೆ. ಚೌಕಟ್ಟಿನಲ್ಲಿ ಬರೀ ಹುರಿ ತೂಗುತ್ತಿತ್ತು.

ನಾನು ನಿಂತುಬಿಟ್ಟೆ. ನನ್ನ ಇಪ್ಪತ್ತೆರಡು ವರ್ಷದಲ್ಲಿ ಬಗೆಬಗೆಯ ಕಳ್ಳರನ್ನು ನೋಡಿದ್ದೇನೆ. ಅತ್ತೆಗೆ ಶಿಕ್ಷೆಯಾಗಿ ಕಟ್ಟಿದ ಕಲ್ಲನ್ನೇ ಬಿಚ್ಚಿಕೊಂಡು ಹೋಗಿ ಕಳ್ಳಮುಳುಗು ಹಾಕುವ ಧೈರ್ಯ ನೋಡಿರಲಿಲ್ಲ. ಎಲ್ಲಿ ಇಟ್ಟಿರುತ್ತಾಳೆ ಎಂಬುದೂ ಆಗಲೇ ಹೊಳೆಯಿತು, ಕಲ್ಲಿನ ಮಿರುಗು ತಲೆಯೆಣ್ಣೆಯದು. ನಾವು ಸೊಂಟ, ಸೆರಗು, ಬಾಯಿ ಹುಡುಕುತ್ತೇವೆ. ಗಂಡನಿರುವ ಹೆಂಗಸಿನ ತುರುಬಿಗೆ ಕೈ ಹಾಕುವುದು ನಮ್ಮಲ್ಲಿ ಇಲ್ಲ.

ಕೊಳದ ಮೆಟ್ಟಿಲ ಮೇಲೆ ಓಣಿಯ ಹೆಂಗಸರೆಲ್ಲ ನೆರೆದಿದ್ದರು. ಮಳೆಗಾಲದ ನೀರು ಮೇಲಿನ ಮೆಟ್ಟಿಲ ತನಕ ತುಂಬಿತ್ತು. ಮೊದಲು ಉಳಿದವರು ತೇಲಿದರು. ಫಕೀರವ್ವ ಮಲಗಿದಳು, ಅವಳ ಕಿವಿ ನೀರಿನಿಂದ ಎರಡು ಬೆರಳು ಮೇಲಿತ್ತು. ಅವಳ ಓರಗಿತ್ತಿಯದೂ ಹಾಗೇ. ಬುತ್ತಿ ಕೊಟ್ಟವರೆಲ್ಲರದೂ ಹಾಗೇ. ಕಡೆಗೆ ಕಸ್ತೂರಿ ಇಳಿದಳು. ಅಂಗಾತ ಮಲಗಿದಳು. ಕಿವಿ ಮುಳುಗಿತು.

"ಈಗ ಹುಡುಕವ್ವ!" ಎಂದಳು ಫಕೀರವ್ವ. "ಕಳ್ಳಿ ಇದ್ರ ಇವತ್ತ ತಿಳೀಲಿ. ಎರಡನೇ ಕಲ್ಲು ಕಟ್ಟಿ ಗಾಡಿ ಹೂಡಸೂನು."

ಕಸ್ತೂರಿ ನೀರಿನಲ್ಲಿ ಮಲಗಿಯೇ ನನ್ನನ್ನು ನೋಡಿದಳು. ಕಿವಿ ಒಳಗಿದ್ದರಿಂದ ಅವಳಿಗೆ ಏನೂ ಕೇಳಿಸುತ್ತಿರಲಿಲ್ಲ. ನನ್ನ ಮುಖ ನೋಡಿಯೇ ಎಲ್ಲ ತಿಳಿದುಕೊಂಡಳು. ಅವಳ ಕೈ ಆಗ ನಡುಗಿತು. ಅದು ನಿಜವಾದ ನಡುಕ, ನಿಂತು ನಿಂತು ಎಗರುವಂಥದು.

ಕೈ ಚಾಚಿದರೆ ತುರುಬು. ಚಾಚಲಿಲ್ಲ. ಏನೋ ಲೆಕ್ಕ ತಪ್ಪುತ್ತಿತ್ತು. ಮಿಡಿ ಕೆಟ್ಟರೆ ಜಾಡಿಯನ್ನೂ ನೋಡಬೇಕು, ಉಪ್ಪನ್ನೂ ನೋಡಬೇಕು ಎಂದು ನನ್ನ ತಾಯಿ ಹೇಳುತ್ತಿದ್ದಳು. ನಾನು ಮೆಟ್ಟಿಲ ಕಡೆ ತಿರುಗಿದೆ.

"ಫಕೀರವ್ವ, ಒಂಬತ್ತು ವಾರ ಬುತ್ತಿ ಕೊಟ್ಟಿ. ನಿನ್ನ ಕಿವಿ ಒಮ್ಮೆರ ಮುಳುಗೇತೇನು?"

"ಇಲ್ಲ. ಯಾಕ?"

"ಕೊರತಿ ಇಲ್ಲದಾಕಿ ತಿಂದಿದ್ರ ಮುಳುಗತಿತ್ತಲ್ಲ."

ಫಕೀರವ್ವ ತನ್ನ ಕಿವಿಯನ್ನು ಮುಟ್ಟಿ ನೋಡಿಕೊಂಡಳು. ಹಿಂದಿನಿಂದ ಯಾರೋ, "ಅಂದ್ರ ತಿಂದಾಕಿಗೆ ಕೊರತಿ ಐತಿ" ಎಂದರು.

"ತಿಂದಾಕಿಗೆ ಐತಿ" ಎಂದೆ. "ತಿಂದಾಕಿನ್ನ ಕರಕೊಂಡು ಬರ್ರಿ."

ದುಂಡವ್ವ ಬರಲು ಬಹಳ ಹೊತ್ತು ಹಿಡಿಯಿತು. ಇಬ್ಬರು ತೋಳು ಹಿಡಿದಿದ್ದರು. ಆರು ವರ್ಷದಲ್ಲಿ ಅವಳು ಅರ್ಧವಾಗಿದ್ದಳು. ಕಸ್ತೂರಿ ನೀರಿನಿಂದ ಎದ್ದು, "ಅತ್ತೀದೇನೂ ತಪ್ಪಿಲ್ರಿ, ಬುತ್ತಿ ನಾನ ತಿಂತೀನಿ, ಎಲ್ಲಾ ನಾನ ತಿಂತೀನಿ" ಎಂದು ಅಳತೊಡಗಿದಳು. ದುಂಡವ್ವ ಅವಳ ಕಡೆ ನೋಡಿ, "ಸುಮ್ನಿರ, ಅಷ್ಟು ಸುಳ್ಳು ಹೇಳಾಕ ನಿನಗ ಬರೂದಿಲ್ಲ" ಎಂದಳು. ಆಮೇಲೆ ನನ್ನ ಮುಂದೆ ನಿಂತು ಎರಡೂ ಕೈ ಮೇಲೆತ್ತಿದಳು. "ಹುಡುಕು. ಮದಲ ಹುಡುಕು. ಆಮ್ಯಾಲೆ ಮಾತು ಬ್ಯಾಡ."

ಹುಡುಕಿದೆ. ಸೆರಗು, ಸೊಂಟ, ಬಾಯಿ, ಅವಳೇ ಬಿಚ್ಚಿ ತೋರಿಸಿದ ಬೆರಳು ಗಾತ್ರದ ಜಡೆ, ಎಲ್ಲ. ಏನೂ ಇರಲಿಲ್ಲ. ನೀರಿಗಿಳಿದು ಮಲಗಿದಳು. ಕಿವಿ ಮುಳುಗಿತು. ಕೆನ್ನೆ ಮುಳುಗಿತು. ಹಣೆಯೂ ಮುಳುಗಿ, ಹುಬ್ಬಿನಿಂದ ಬಾಯಿಯ ತನಕ ಮಾತ್ರ ಅಂಗೈಯಷ್ಟು ಮುಖ ಉಳಿಯಿತು. ಒಂಬತ್ತು ವಾರದ ಬುತ್ತಿ ಬಿದ್ದ ಮೇಲೆ ಇಷ್ಟು ಮಟ್ಟ. ಮೊದಲು ಎಷ್ಟಿತ್ತೋ.

"ಈಗ ಮುಳುಗೂದು ಈಗಿಂದು" ಎಂದಳು ಫಕೀರವ್ವ, ಮೊದಲಿನಷ್ಟು ಜೋರಾಗಿ ಅಲ್ಲ. "ಆವಾಗ ಕಲ್ಲು ಸಿಕ್ಕಿದ್ದು ಖರೇನ ಅಲ್ಲ?"

ಖರೆ. ಕಲ್ಲು ಸಿಕ್ಕಿತ್ತು. ಆದರೆ ಆ ಯುಗಾದಿಯ ಬಿಸಿಲು ನನಗೆ ಆಗ ನೆನಪಾಯಿತು. ಕೊಳ ಅರ್ಧಕ್ಕೆ ಇಳಿದಿತ್ತು, ಕೆಳಗಿನ ಮೆಟ್ಟಿಲುಗಳ ಮೇಲೆ ಉಪ್ಪು ಬೆಳ್ಳಗೆ ಹೆಪ್ಪುಗಟ್ಟಿತ್ತು. ಆ ತಿಂಗಳಿಡೀ ಊರಿನಲ್ಲಿ ಕಲ್ಲು ಕಟ್ಟಿದ ದುಂಡವ್ವನದು ಬಿಟ್ಟರೆ ಒಬ್ಬರ ಕಿವಿಯೂ ಮುಳುಗಲಿಲ್ಲ. ಊರು ಗಟ್ಟಿಯಾಗಿದೆ ಎಂದು ನಾನು ಹೆಮ್ಮೆಪಟ್ಟಿದ್ದೆ. ಉಪ್ಪುನೀರಿನ ಹದ ನೋಡಲು ನಿಂಬೆಹಣ್ಣು ಬಿಡುತ್ತಿದ್ದವಳು ನಾನು. ನೀರು ಬತ್ತಿ ಉಪ್ಪು ಹೆಚ್ಚಾದರೆ ನಿಂಬೆಹಣ್ಣು ಎದ್ದೆದ್ದು ತೇಲುತ್ತದೆ. ಅದು ನಿಂಬೆಹಣ್ಣಿನ ಗುಣವಲ್ಲ, ನೀರಿನದು. ಜಾಡಿಯ ಬುಡದಲ್ಲಿ ಗೊತ್ತಿದ್ದ ಮಾತು ಕೊಳದ ದಂಡೆಯಲ್ಲಿ ನೆನಪಾಗಲಿಲ್ಲ. ಆ ನೀರಿನಲ್ಲಿ ಅರ್ಧ ಸತ್ತವಳನ್ನು ಮಲಗಿಸಿದ್ದರೂ ಕಿವಿ ಮೇಲೆಯೇ ಇರುತ್ತಿತ್ತು. ಕಾಲು ಹಿಡಿದು ನಿದ್ದೆಯಿಲ್ಲದೆ ಒದ್ದಾಡುತ್ತಿದ್ದ ಹೆಂಗಸು ನಿಜವಾದ ಕೊರತೆಗೆ ಸುಳ್ಳು ಸಾಕ್ಷಿ ಕಟ್ಟಿಕೊಂಡು ಬಂದಿದ್ದಳು. ನಾನು ಸಾಕ್ಷಿಯನ್ನು ಹಿಡಿದೆ, ಕೊರತೆಯನ್ನು ಬಿಟ್ಟೆ. ಅವತ್ತಿನ ಮೇಲೆ ಎಷ್ಟು ಬೇಸಿಗೆ ಬಂದವು, ಎಷ್ಟು ಜನರನ್ನು ನಾನು ಗಟ್ಟಿ ಎಂದು ಮನೆಗೆ ಕಳಿಸಿದೆ, ಅದನ್ನು ಈಗಲೂ ಎಣಿಸಲು ಹೋಗುವುದಿಲ್ಲ.

ಇದನ್ನೆಲ್ಲ ಮೆಟ್ಟಿಲ ಮೇಲೆ ನಿಂತು ಹೇಳಿದೆ. ಚೆನ್ನಾಗಿ ಹೇಳಲು ಬರಲಿಲ್ಲ. ನಿಂಬೆಹಣ್ಣಿನ ಮಾತು ಎರಡು ಸಲ ಹೇಳಿದೆ. ಕಡೆಗೆ, "ಆ ಕಲ್ಲು ಆ ಬಾಗಲಕ್ಕ ಕಟ್ಟಬಾರದಿತ್ತು. ನನ್ನ ಬಾಗಲಕ್ಕ ಕಟ್ರಿ" ಎಂದೆ.

"ಕಲ್ಲು ಎಲ್ಲೈತಿ ಈಗ?" ಎಂದು ಯಾರೋ ಕೇಳಿದರು.

ಕಸ್ತೂರಿ ತಲೆ ತಗ್ಗಿಸಿ ತುರುಬು ಬಿಚ್ಚಿದಳು. ಕಲ್ಲು ಟಣ್ ಎಂದು ಮೆಟ್ಟಿಲ ಮೇಲೆ ಬಿತ್ತು. ಹೆಂಗಸರಲ್ಲಿ ಅರ್ಧ ಜನ ಅಯ್ಯೋ ಎಂದರು, ಅರ್ಧ ಜನ ನಕ್ಕರು. ಫಕೀರವ್ವ ನಗುವವರ ಗುಂಪಿಗೆ ಸೇರಿದ್ದನ್ನು ನಾನು ಕಣ್ಣಾರೆ ನೋಡಿದೆ. ಆಮೇಲೆ ಅವಳು ಅದನ್ನು ಒಪ್ಪಿಲ್ಲ.

ನಾನು ಕಲ್ಲೆತ್ತಿಕೊಳ್ಳಲು ಬಗ್ಗಿದೆ. ಅಷ್ಟರಲ್ಲಿ ನೀರಿನಿಂದ ಎದ್ದು ಬಂದ ದುಂಡವ್ವ ಅದರ ಮೇಲೆ ಕಾಲಿಟ್ಟಳು.

"ಇದು ನನ್ನ ಬಳ್ಳೊಳ್ಳಿ ಕುಟ್ಟೋ ಕಲ್ಲು" ಎಂದಳು. "ಆರು ವರ್ಷ ಆತು, ಒಂದು ಖಾರ ನೆಟ್ಟಗ ಕುಟ್ಟಿಲ್ಲ ನಾ. ನಿನ್ನ ಬಾಗಲಕ್ಕ ಕಟ್ಟಕೊಳ್ಳಾಕ ಬೇಕಂದ್ರ ಬ್ಯಾರೆ ಹುಡುಕ್ಕೊ. ಊರಾಗ ಕಲ್ಲಿಗೇನು ಬರ."

ಸೊಸೆಯ ಕೈಯಲ್ಲಿ ಕಲ್ಲು ಕೊಟ್ಟು, ಒದ್ದೆ ಸೆರಗು ಹಿಂಡಿಕೊಂಡು, ನನ್ನ ಮುಖಕ್ಕೆ ಮುಖ ತಂದು ನೋಡಿದಳು. ನನ್ನ ಎಡಗಣ್ಣು ಆಗಲೂ ಹಾರುತ್ತಿತ್ತು. "ಹುಡುಗಿ ಹೇಳಿದ್ದು ಖರೆ. ನೀ ಕಡೀಗೆ ತೇಲಿದ್ದು ಯಾವಾಗ?"

ಕಿವಿ ನೋಡುವವಳ ಕಿವಿ ನೋಡುವವರು ಯಾರು? ಕೆಲಸಕ್ಕೆ ಸೇರಿದ ಮೇಲೆ ನಾನು ಒಮ್ಮೆಯೂ ಅಲ್ಲಿ ಅಂಗಾತ ಮಲಗಿಲ್ಲ. ಬೇರೆ ಯಾರ ನೋಟವನ್ನೂ ನಾನು ನಂಬುತ್ತಿರಲಿಲ್ಲ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ನನ್ನ ರಾತ್ರಿಗಳಿಗೆ ಗೊತ್ತು, ನನ್ನ ಮೀನಖಂಡಕ್ಕೆ ಗೊತ್ತು.

"ಮಲಗು" ಎಂದಳು ದುಂಡವ್ವ. "ನಾ ನೋಡ್ತೀನಿ."

"ಮದಲ ಹುಡುಕಂಗಿಲ್ಲೇನು?" ಎಂದೆ.

"ನೀ ಕಲ್ಲು ತರಾಕಿ ಅಲ್ಲ. ಮಲಗು."

ಮಲಗಿದೆ. ನೀರು ಬೆಚ್ಚಗಿತ್ತು. ತುಟಿಗೆ ತಾಗಿದ ಹನಿ ಕಹಿಯಾಗಿತ್ತು. ಒಂದು ಕ್ಷಣ ಹೆಂಗಸರ ಗುಸುಗುಸು ಕೇಳಿಸಿತು, ಆಮೇಲೆ ಯಾರೋ ಬಾಗಿಲು ಹಾಕಿದ ಹಾಗೆ ಎಲ್ಲ ನಿಂತುಹೋಯಿತು. ನನ್ನ ಎದೆ ಬಡಿತ ಮಾತ್ರ ಕೇಳಿಸುತ್ತಿತ್ತು. ಮೇಲೆ ಆಕಾಶ, ಅಂಚಿನಲ್ಲಿ ದುಂಡವ್ವನ ಮುಖ. ಅವಳು ನನ್ನ ಕಿವಿಯ ಕಡೆ ನೋಡಿದಳು, ತಿರುಗಿ ಮೆಟ್ಟಿಲ ಕಡೆ ಏನೋ ಹೇಳಿದಳು. ಏನು ಹೇಳಿದಳು? ಇದ್ದದ್ದನ್ನೇ ಹೇಳಿದಳೋ, ಆರು ವರ್ಷದ್ದನ್ನು ಸೇರಿಸಿ ಹೇಳಿದಳೋ? ಫಕೀರವ್ವನ ಬಾಯಿ ಅಲುಗಿತು. ಕಸ್ತೂರಿ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ನಗುವೋ, ಬೇರೆಯೋ. ತಲೆಯೆತ್ತಿದರೆ ಕೇಳಿಸುತ್ತಿತ್ತು. ಎತ್ತಿದರೆ ಮಟ್ಟ ತಪ್ಪುತ್ತದೆ. ಎಷ್ಟೋ ಹೆಂಗಸರು ನನ್ನೆದುರು ಹೀಗೆಯೇ ಮಲಗಿ ನನ್ನ ತುಟಿಯನ್ನೇ ನೋಡಿದ್ದಾರೆ. ನಾನು ಮಲಗಿಯೇ ಇದ್ದೆ.

ಮರುದಿನ ಬೆಳಿಗ್ಗೆ ಬಾಗಿಲು ತೆರೆದಾಗ ಮೊದಲು ಮೇಲೆ ಚೌಕಟ್ಟು ನೋಡಿದೆ. ಏನೂ ತೂಗುತ್ತಿರಲಿಲ್ಲ. ಕೆಳಗೆ ಹೊಸ್ತಿಲ ಹತ್ತಿರ ನನ್ನದೇ ಹುರುಳಿ ಸಾರಿನ ಡಬ್ಬಿ ಇತ್ತು, ತೊಳೆದು ತುಂಬಿಸಿಟ್ಟದ್ದು. ಒಳಗೆ ರಾಜಗಿರಿ ಸೊಪ್ಪಿನ ಪಲ್ಯ, ಎರಡು ರೊಟ್ಟಿ. ಮೂಸಿದೆ. ಕಲ್ಲಿನಲ್ಲಿ ಕುಟ್ಟಿದ ಬೆಳ್ಳುಳ್ಳಿಯ ಘಾಟು, ಹಾಳಾಗಲಿ, ಬಾಯಲ್ಲಿ ನೀರು ಬಂತು. ಹೊಸ್ತಿಲ ಮೇಲೆಯೇ ಕುಳಿತು ತಿಂದೆ. ಉಪ್ಪು ಒಂದು ಹರಳು ಕಡಿಮೆ ಇತ್ತು. ದುಂಡವ್ವ ಬೇಕೆಂದೇ ಬಿಟ್ಟಿದ್ದಾಳೆ ಎಂದು ನನಗೆ ಇವತ್ತಿಗೂ ಅನುಮಾನ.